ಹೊಸ ಶೆಲ್‌ನೊಳಗಿನ ಹಳೆಯ ಗೇಮ್ ಬಾಯ್

ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಹಳೆಯ ಆಟದ ಯಂತ್ರವಾದ ಗೇಮ್ ಬಾಯ್ ಕೊಳ್ಳಲು ಹೊರಟವರಿಗೆ ಮೊದಲು ಕಣ್ಣಿಗೆ ಬೀಳುವ ಕೊರತೆ ಸಾಮಾನ್ಯವಾಗಿ ಬ್ಯಾಟರಿ ಮುಚ್ಚಳದ್ದು. 1989ರಲ್ಲಿ ಬಂದ ಮೊದಲ ಮಾದರಿಯ ಬೆನ್ನಿನಲ್ಲಿ ನಾಲ್ಕು ಪೆನ್ಸಿಲ್ ಸೆಲ್‌ಗಳನ್ನು ಮುಚ್ಚುವ ಆ ಪ್ಲಾಸ್ಟಿಕ್ ತುಂಡು ಸಣ್ಣದೊಂದು ಕೊಂಡಿಯ ಬಲದಲ್ಲಿ ನಿಂತಿರುತ್ತದೆ. ಮಕ್ಕಳ ಕೈಯಲ್ಲಿ ಕೊಂಡಿ ಮುರಿಯುವುದು, ಮುಚ್ಚಳ ಎಲ್ಲೋ ಬಿದ್ದು ಕಳೆದುಹೋಗುವುದು ತೀರ ಸಹಜ. ಅದರ ಜಾಗಕ್ಕೆ ಹೊಸದಾಗಿ ಅಚ್ಚು ಹಾಕಿದ ಮುಚ್ಚಳ ಈಗ ಸುಲಭವಾಗಿ ಸಿಗುತ್ತದೆ, ಅದನ್ನು ಹಾಕಿದ ಕಾರಣಕ್ಕೆ ಆ ಯಂತ್ರವನ್ನು ಯಾರೂ ನಕಲಿ ಎನ್ನುವುದಿಲ್ಲ. ಆದರೆ ಅದೇ ಸಂಗ್ರಾಹಕರ ಮುಂದೆ ಶೆಲ್ ಎನ್ನುವ ಪ್ಲಾಸ್ಟಿಕ್ ಹೊರಕವಚದ ಮುಂಭಾಗ, ಹಿಂಭಾಗ, ಬಟನ್, ಪರದೆಯನ್ನು ಮುಚ್ಚುವ ಪಾರದರ್ಶಕ ಲೆನ್ಸ್ ಎಲ್ಲವೂ ಹೊಸದಾಗಿ ಒಳಗಿನ ಸರ್ಕ್ಯೂಟ್ ಬೋರ್ಡ್ ಮಾತ್ರ ಹಳೆಯದಾಗಿರುವ ಗೇಮ್ ಬಾಯ್ ಒಂದನ್ನು ಇಟ್ಟರೆ ಮಾತು ತಡವರಿಸುತ್ತದೆ. ಒಬ್ಬರು ಅಸಲಿ ಎನ್ನುತ್ತಾರೆ, ಇನ್ನೊಬ್ಬರು ಅರ್ಧ ಅಸಲಿ ಎನ್ನುತ್ತಾರೆ, ಮತ್ತೊಬ್ಬರು ಬೆಲೆ ಕೇಳಿ ಸುಮ್ಮನಾಗುತ್ತಾರೆ.

ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಚರ್ಚೆ ಬಂದಾಗಲೆಲ್ಲ ಭಾಗಗಳನ್ನು ಎಣಿಸುವ ದಾರಿಯನ್ನೇ ಹೆಚ್ಚಿನವರು ಹಿಡಿಯುತ್ತಾರೆ: ಇಷ್ಟು ಭಾಗ ಹಳೆಯದಿದ್ದರೆ ಅಸಲಿ, ಅದಕ್ಕಿಂತ ಕಡಿಮೆಯಾದರೆ ಅಲ್ಲ. ಈ ಲೆಕ್ಕ ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ. ಒಂದು ಸ್ಕ್ರೂ ಮತ್ತು ಒಂದು ಪರದೆ ಎಣಿಕೆಯಲ್ಲಿ ಸಮವಾಗಬಹುದು, ಯಂತ್ರದ ಬಗ್ಗೆ ಅವು ಹೇಳುವ ಸಂಗತಿಗಳು ಸಮವಲ್ಲ. ಪ್ರತಿಯೊಂದು ಭಾಗ ಯಾವುದಕ್ಕೆ ಸಾಕ್ಷಿಯಾಗಿ ನಿಂತಿದೆ, ಅದನ್ನು ತೆಗೆದಾಗ ಆ ಸಾಕ್ಷ್ಯ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಹಾಗೆ ಕೇಳುತ್ತ ಹೋದಂತೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮರುತಯಾರಿ ಭಾಗಗಳಲ್ಲಿ, ಅಂದರೆ ಹಳೆಯದರ ಜಾಗಕ್ಕೆ ಈಗ ಹೊಸದಾಗಿ ಮಾಡಿದ ಭಾಗಗಳಲ್ಲಿ, ಸಂಗ್ರಹಕ್ಕೆ ನಿಜವಾದ ಹಾನಿ ಮಾಡುವುದು ಅತ್ಯುತ್ತಮವಾದ ನಕಲು. ಒರಟು ನಕಲು ತನ್ನನ್ನು ತಾನೇ ತೋರಿಸಿಕೊಡುತ್ತದೆ, ಮೂಲವನ್ನು ಹೋಲುವ ಗೋಜಿಗೇ ಹೋಗದ ಹೊಸ ಭಾಗವಂತೂ ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ಬೆಂಗಳೂರಿನಲ್ಲಿ ಕುಳಿತು ಈ ವಿಷಯ ಯೋಚಿಸುವವರಿಗೆ ಇದು ಸ್ವಲ್ಪ ಬೇರೆ ರೀತಿಯಲ್ಲಿ ತಟ್ಟುತ್ತದೆ. ತೊಂಬತ್ತರ ದಶಕದಲ್ಲಿ ಇಲ್ಲಿನ ಆಟಿಕೆ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದುದು ಇಟ್ಟಿಗೆ ಜೋಡಿಸುವ ಆಟದ ಅಗ್ಗದ ‘ಬ್ರಿಕ್ ಗೇಮ್’ಗಳು. ಗೇಮ್ ಬಾಯ್ ಬರುತ್ತಿದ್ದುದು ಹೆಚ್ಚಾಗಿ ಸೂಟ್‌ಕೇಸಿನಲ್ಲಿ: ಕೊಲ್ಲಿ ದೇಶದಿಂದ ರಜೆಗೆ ಬಂದ ಚಿಕ್ಕಪ್ಪ, ಅಮೆರಿಕದ ಪ್ರಾಜೆಕ್ಟ್ ಮುಗಿಸಿ ಮರಳಿದ ಸಾಫ್ಟ್‌ವೇರ್ ಎಂಜಿನಿಯರ್, ಸಿಂಗಪುರಕ್ಕೆ ಹೋಗಿ ಬಂದ ಪಕ್ಕದ ಮನೆಯವರು. ಹಾಗೆ ಬಂದ ಯಂತ್ರಗಳಲ್ಲಿ ಉಳಿದಿರುವವು ಕಡಿಮೆ, ಉಳಿದವುಗಳ ಬೆನ್ನಿನ ಮೇಲೆ ಎಷ್ಟೋ ಸಲ ಒಂದು ಹೆಸರು, ಶಾಲೆಯ ಸೆಕ್ಷನ್, ಇಲ್ಲವೇ ಕಾಂಪಾಸ್ ಮೊನೆಯಲ್ಲಿ ಗೀಚಿದ ಗುರುತು ಇರುತ್ತದೆ. ಇವತ್ತು ನಗರದ ಸಂಗ್ರಾಹಕರ ಕೈಗೆ ಬರುವ ಯಂತ್ರಗಳಲ್ಲಿ ಬಹುಪಾಲು ಜಪಾನಿನ ಹರಾಜುಗಳಲ್ಲಿ ‘ಜಂಕ್’ ಎಂಬ ಹೆಸರಿನಡಿ ಗೊಂಚಲಾಗಿ ಮಾರಾಟವಾದವು, ಅಂದರೆ ಏನಾದರೊಂದು ಭಾಗ ಕೆಟ್ಟಿರುವವು. ದುರಸ್ತಿ ಮಾಡದೆ ಸಂಗ್ರಹಿಸುತ್ತೇನೆ ಎನ್ನುವ ಆಯ್ಕೆ ನಮಗೆ ಹೆಚ್ಚು ಕಡಿಮೆ ಇಲ್ಲ.

ಮೊದಲು ಸುಲಭವಾದ ಭಾಗವನ್ನು ಮುಗಿಸಿಬಿಡುತ್ತೇನೆ. ಸವೆಯಲೆಂದೇ ಮಾಡಿದ ಭಾಗಗಳಿವೆ: ಬಟನ್ ಕೆಳಗಿನ ರಬ್ಬರ್ ಪ್ಯಾಡ್, ಬ್ಯಾಟರಿಯ ಲೋಹದ ತುದಿಗಳು, ಸ್ಪೀಕರ್. ಇವುಗಳಿಗೆ ಹೊಸದನ್ನು ಹಾಕುವುದರಲ್ಲಿ ಅಸಲಿತನದ ಪ್ರಶ್ನೆಯೇ ಏಳಬೇಕಾಗಿಲ್ಲ. ಬೋರ್ಡಿನ ಮೇಲೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ಗಳ ವಿಚಾರದಲ್ಲಂತೂ ಹಳೆಯದನ್ನು ಉಳಿಸಿಕೊಳ್ಳುವುದೇ ಯಂತ್ರಕ್ಕೆ ಮಾಡುವ ಕೇಡು. ಸೆಗಾ ಕಂಪನಿ 1990ರಲ್ಲಿ ಜಪಾನಿನಲ್ಲಿ ಹೊರತಂದ ಗೇಮ್ ಗಿಯರ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಆರು ಸೆಲ್ ಹಾಕಿದರೂ ಮೂರರಿಂದ ಐದು ಗಂಟೆ ಮಾತ್ರ ನಡೆಯುತ್ತಿದ್ದ, ಆದರೆ ಬಣ್ಣದ ಬೆಳಗುವ ಪರದೆ ಹೊಂದಿದ್ದ ಈ ಯಂತ್ರದಲ್ಲಿ ಬಳಸಿದ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಕಾಲಕ್ರಮದಲ್ಲಿ ಸೋರುತ್ತವೆ. ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಧ್ವನಿ ಕುಗ್ಗುತ್ತದೆ, ಚಿತ್ರ ಮಸುಕಾಗುತ್ತದೆ, ಕೊನೆಗೆ ಯಂತ್ರ ಹೊತ್ತಿಕೊಳ್ಳುವುದೇ ಇಲ್ಲ. ಕಾರ್ಖಾನೆಯಿಂದ ಬಂದಂತೆಯೇ ಇದೆ, ಯಾರೂ ಬಿಚ್ಚಿಲ್ಲ ಎಂದು ಹೆಮ್ಮೆಯಿಂದ ಮಾರುವ ಗೇಮ್ ಗಿಯರ್ ಒಳಗೆ ಈ ಕೆಲಸ ಈಗಲೂ ನಡೆಯುತ್ತಿರುತ್ತದೆ. ಹೊಸ ಕೆಪಾಸಿಟರ್ ಹಾಕಿದವರು ಅಲ್ಲಿ ಮೂಲವನ್ನು ಕೆಡಿಸಿಲ್ಲ. ಉಳಿದ ಎಲ್ಲ ಮೂಲ ಭಾಗಗಳನ್ನು ಕಾಪಾಡಿದ್ದಾರೆ.

ಪರದೆಯ ವಿಷಯ ಇಷ್ಟು ಸರಳವಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಹೃದಯ ಇರುವುದು ಅಲ್ಲೇ.

ಮೊದಲ ಗೇಮ್ ಬಾಯ್‌ನ ಪರದೆ 160 ಅಡ್ಡ, 144 ಉದ್ದ ಚುಕ್ಕಿಗಳದ್ದು. ನಾಲ್ಕೇ ಛಾಯೆಗಳು, ಹಿಂದಿನಿಂದ ಬೆಳಕಿಲ್ಲ. ಮೂವತ್ತು ವರ್ಷ ಕಳೆದ ಅನೇಕ ಯಂತ್ರಗಳಲ್ಲಿ ಲಂಬವಾದ ಖಾಲಿ ಗೆರೆಗಳು ಕಾಣಿಸಿಕೊಳ್ಳುತ್ತವೆ. ಗಾಜಿಗೆ ಪಟ್ಟಿ ಕೇಬಲ್ ಅಂಟಿಕೊಂಡಿರುವ ಕಡೆ ಸಂಪರ್ಕ ಸಡಿಲವಾಗುವುದು ಇದರ ಕಾರಣ, ಬೆಸುಗೆ ಕಡ್ಡಿಯ ಬಿಸಿಯನ್ನು ಆ ಅಂಚಿನ ಮೇಲೆ ಎಚ್ಚರದಿಂದ ಆಡಿಸಿದರೆ ಬಹಳಷ್ಟು ಸಲ ಗೆರೆಗಳು ಮರಳಿ ತುಂಬಿಕೊಳ್ಳುತ್ತವೆ. ಇದು ಯಾವ ಹೊಸ ಭಾಗವನ್ನೂ ಬೇಡದ ದುರಸ್ತಿ. ಆದರೆ ಪರದೆಯ ಮೇಲೆ ಹರಡಿದ ಕಪ್ಪು ಕಲೆಗೆ, ಒಡೆದ ಗಾಜಿಗೆ ಈ ಉಪಾಯ ನಡೆಯುವುದಿಲ್ಲ. ಆಗ ಇರುವ ದಾರಿ ಎರಡು: ಇನ್ನೊಂದು ಹಳೆಯ ಯಂತ್ರದಿಂದ ಪರದೆ ಕೀಳುವುದು, ಇಲ್ಲವೇ ಈಗ ಎಲ್ಲೆಡೆ ಸಿಗುವ ಐಪಿಎಸ್ ಕಿಟ್, ಅಂದರೆ ಹಿಂದಿನಿಂದ ಬೆಳಗುವ ಹೊಸ ಬಗೆಯ ಎಲ್‌ಸಿಡಿ ಪರದೆ, ಹಾಕುವುದು.

ಐಪಿಎಸ್ ಪರದೆ ಹಾಕಿದ ಯಂತ್ರವನ್ನು ಮೊದಲ ಸಲ ಹೊತ್ತಿಸಿದವರು ಮೂಲದ ಕಡೆ ತಿರುಗಿ ನೋಡುವುದು ಕಷ್ಟ. ಬೆಳಕು ಸಮವಾಗಿದೆ, ಬಣ್ಣ ತುಂಬಿಕೊಂಡಿದೆ, ಸಂಜೆಯ ಮೆಟ್ರೋ ಪ್ರಯಾಣದಲ್ಲಿ ದೀಪದ ದಿಕ್ಕನ್ನು ಹುಡುಕುತ್ತ ಯಂತ್ರವನ್ನು ಓರೆ ಮಾಡಬೇಕಾಗಿಲ್ಲ. ಈ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಅಲ್ಲಿ ಕಾಣುವ ಚಿತ್ರ ಆ ಆಟವನ್ನು ರಚಿಸಿದವರು ನೋಡಿದ ಚಿತ್ರವಲ್ಲ. ಹಳೆಯ ಎಲ್‌ಸಿಡಿ ನಿಧಾನವಾಗಿ ಬದಲಾಗುತ್ತಿತ್ತು. ಒಂದು ಕ್ಷಣದ ಚುಕ್ಕಿ ಮುಂದಿನ ಕ್ಷಣದಲ್ಲೂ ನೆರಳಿನಂತೆ ಉಳಿಯುತ್ತಿತ್ತು. ಇದನ್ನು ದೋಷವೆಂದು ಮಾತ್ರ ನೋಡದೆ ಉಪಕರಣವಾಗಿಯೂ ಬಳಸಿದ ಆಟಗಳಿವೆ. ಒಂದು ಆಕೃತಿಯನ್ನು ಒಂದು ಫ್ರೇಮ್‌ನಲ್ಲಿ ತೋರಿಸಿ ಮುಂದಿನದರಲ್ಲಿ ಮರೆಸುತ್ತ ಹೋದರೆ ಆ ನಿಧಾನದ ಪರದೆಯಲ್ಲಿ ಅದು ಪಾರದರ್ಶಕ ನೆರಳಿನಂತೆ ಕಾಣುತ್ತಿತ್ತು. ವೇಗದ ಹೊಸ ಪರದೆಯಲ್ಲಿ ಅದೇ ಆಕೃತಿ ಬರೀ ಮಿನುಗುತ್ತದೆ. ಆಟ ಅದೇ, ಆಟ ತುಂಬಿದ ಕಾರ್ಟ್ರಿಜ್ ಅಸಲಿ, ಬೋರ್ಡ್ ಅಸಲಿ, ಆದರೂ ರಚನಕಾರರು ಉದ್ದೇಶಿಸಿದ ನೆರಳು ಅಲ್ಲಿಲ್ಲ.

ನಂತರದ ತಲೆಮಾರಿನ ಗೇಮ್ ಬಾಯ್ ಅಡ್ವಾನ್ಸ್ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. 2001ರಲ್ಲಿ ಬಂದಾಗ ಅದಕ್ಕೆ ಯಾವ ಬೆಳಕೂ ಇರಲಿಲ್ಲ, ಪರದೆ ಕುಖ್ಯಾತಿ ಪಡೆಯುವಷ್ಟು ಕತ್ತಲಾಗಿತ್ತು. ಯಂತ್ರದ ಜೊತೆಗೇ ಬಂದ ‘ಕ್ಯಾಸಲ್‌ವೇನಿಯ: ಸರ್ಕಲ್ ಆಫ್ ದ ಮೂನ್’ ಆಟದ ಕತ್ತಲ ಕೋಣೆಗಳು ಮನೆಯೊಳಗಿನ ಬೆಳಕಿನಲ್ಲಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ, ಮರುವರ್ಷ ಅದೇ ಸರಣಿಯಲ್ಲಿ ಬಂದ ‘ಹಾರ್ಮನಿ ಆಫ್ ಡಿಸೊನೆನ್ಸ್’ನಲ್ಲಿ ಬಣ್ಣಗಳನ್ನು ಎದ್ದು ಕಾಣುವಂತೆ ಬೆಳಗಿಸಿದರು. ಈ ಎರಡನೆಯ ಆಟವನ್ನು ಹೊಳೆಯುವ ಐಪಿಎಸ್ ಪರದೆಯ ಮೇಲೆ ನೋಡಿದವರಿಗೆ ಬಣ್ಣ ಕಣ್ಣಿಗೆ ರಾಚುತ್ತದೆ, ಇಷ್ಟು ಅಬ್ಬರ ಯಾಕೆ ಎನಿಸುತ್ತದೆ. ಆ ಅಬ್ಬರ ಏಕೆ ಬಂತು ಎಂಬುದರ ಉತ್ತರ ಇರುವುದು ತೆಗೆದುಹಾಕಿದ ಆ ಕತ್ತಲ ಪರದೆಯಲ್ಲಿ. ಪ್ರಶ್ನೆ ಎದುರಿಗಿದ್ದು ಉತ್ತರ ಕಸದ ಬುಟ್ಟಿ ಸೇರಿದ್ದರೆ ಆ ಯಂತ್ರದಿಂದ ನಾವು ಕಲಿಯಬಹುದಾಗಿದ್ದ ಮುಖ್ಯ ಪಾಠವೇ ಕಳೆದುಹೋದಂತೆ. ಬಿಡಿಭಾಗಗಳ ಸಾಕ್ಷ್ಯ ಎಂದು ನಾನು ಹೇಳುವುದು ಇಂಥದ್ದನ್ನು. ಆರಂಭದ ಕೆಲವು ಕಿಟ್‌ಗಳಲ್ಲಿ ಇನ್ನೂ ಒಂದು ತೊಡಕಿತ್ತು: ಮೂಲ ಯಂತ್ರ ಸೆಕೆಂಡಿಗೆ ಸುಮಾರು 59.73 ಫ್ರೇಮ್‌ಗಳನ್ನು ಕಳಿಸುತ್ತದೆ, ಹೊಸ ಪರದೆ ತನ್ನದೇ ಗತಿಯಲ್ಲಿ ನಡೆಯುತ್ತದೆ, ಇವೆರಡು ಹೊಂದದಿದ್ದಾಗ ಓಡುವ ದೃಶ್ಯ ಸೀಳಿದಂತೆ ಕಾಣುತ್ತಿತ್ತು. ನಂತರದ ಕಿಟ್‌ಗಳು ಇದನ್ನು ಬಹುಮಟ್ಟಿಗೆ ಸರಿಪಡಿಸಿವೆ.

ಹಾಗಾದರೆ ‘ಮೂಲ ಭಾಗವನ್ನೇ ಹಾಕುತ್ತೇನೆ’ ಎನ್ನುವ ಹಟ ಸರಿಯಾದ ದಾರಿಯೇ? ಅದನ್ನೂ ನಾನು ಪೂರ್ತಿ ಒಪ್ಪಲಾರೆ. 2003ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯ ಮೊದಲ ಮಾದರಿಗೆ (ಎಜಿಎಸ್-001) ಮುಂದಿನಿಂದ ಬೀಳುವ ಬೆಳಕಿತ್ತು. 2005ರಲ್ಲಿ ಬಂದ ಎಜಿಎಸ್-101 ಮಾದರಿಗೆ ಹಿಂದಿನಿಂದ ಬೆಳಗುವ, ಬಹಳ ಉತ್ತಮವಾದ ಪರದೆ ಬಂತು. ಐಪಿಎಸ್ ಕಿಟ್‌ಗಳು ಬರುವ ಮೊದಲು ಅನೇಕರು ಈ 101ರ ಪರದೆಯನ್ನು ಕಿತ್ತು ಅಡಾಪ್ಟರ್ ಕೇಬಲ್ ಮೂಲಕ 2001ರ ಮಾದರಿಯೊಳಗೆ ಕೂರಿಸುತ್ತಿದ್ದರು. ಹಾಗೆ ತಯಾರಾದ ಯಂತ್ರದಲ್ಲಿ ಪ್ರತಿಯೊಂದು ಮುಖ್ಯ ಭಾಗವೂ ನಿಂಟೆಂಡೊ ಕಂಪನಿಯದೇ. ಭಾಗಗಳನ್ನು ಎಣಿಸುವವರ ಲೆಕ್ಕದಲ್ಲಿ ಅದು ಪೂರ್ತಿ ಅಸಲಿ. ಆದರೆ ಅಂಥ ಸಂಯೋಜನೆ ಯಾವ ಕಾರ್ಖಾನೆಯಿಂದಲೂ ಹೊರಬಂದಿರಲಿಲ್ಲ, ಅದಕ್ಕಾಗಿ ಒಂದು ಒಳ್ಳೆಯ ಎಸ್‌ಪಿ ಪ್ರಾಣ ಬಿಟ್ಟಿರುತ್ತದೆ. ಇದರ ಪಕ್ಕದಲ್ಲಿ ಹೊಸದಾಗಿ ತಯಾರಾದ ಪರದೆ ಹಾಕಿದವರು ಯಾವ ಹಳೆಯ ಯಂತ್ರವನ್ನೂ ಬಲಿ ಕೊಟ್ಟಿಲ್ಲ. ಮರುತಯಾರಿ ಭಾಗ ಇಲ್ಲಿ ಮೂಲದ ರಕ್ಷಕನಾಗಿ ನಿಂತಿದೆ.

ಶೆಲ್‌ಗಳ ವಿಷಯದಲ್ಲೂ ಇದೇ ರೀತಿಯ ತಿರುವು ಇದೆ. 2001ರ ಅಡ್ವಾನ್ಸ್‌ಗೆ ಐಪಿಎಸ್ ಪರದೆ ಕೂರಿಸಬೇಕಾದರೆ ಬಹಳಷ್ಟು ಕಿಟ್‌ಗಳಲ್ಲಿ ಮೂಲ ಶೆಲ್‌ನ ಒಳಗಿನ ಪ್ಲಾಸ್ಟಿಕ್ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಹಳೆಯ ಪರದೆಯನ್ನು ಮತ್ತೆ ಮೊದಲಿನಂತೆ ಕೂರಿಸುವುದು ಕಷ್ಟ. ಈಗ ಬರುವ ಮರುತಯಾರಿ ಶೆಲ್‌ಗಳಲ್ಲಿ ಆ ಜಾಗ ಮೊದಲೇ ಬಿಟ್ಟಿರುತ್ತದೆ. ಹೊಸ ಪರದೆಗೆ ಹೊಸ ಶೆಲ್ ಹಾಕಿ, ಮೂಲ ಶೆಲ್ಲನ್ನು ಮೂಲ ಪರದೆಯ ಜೊತೆ ಎತ್ತಿಟ್ಟವರು ಮೇಲ್ನೋಟಕ್ಕೆ ಹೆಚ್ಚು ಬದಲಾಯಿಸಿದಂತೆ ಕಂಡರೂ ನಿಜದಲ್ಲಿ ಕಳೆದುಕೊಂಡದ್ದು ಕಡಿಮೆ. ಮೂಲ ಶೆಲ್ ಉಳಿಸಿಕೊಳ್ಳುವ ಪ್ರೀತಿಯಲ್ಲಿ ಅದರ ಒಳಭಾಗವನ್ನು ಕತ್ತರಿಸಿದವರು ಹೊರಗಿನ ನೋಟವನ್ನು ಉಳಿಸಿಕೊಂಡು ವಸ್ತುವನ್ನು ಕಳೆದುಕೊಂಡಿದ್ದಾರೆ.

ಶೆಲ್ ಹೇಳುವ ಸಂಗತಿಗಳು ಕಡಿಮೆಯೇನಲ್ಲ. ಮೊದಲ ಗೇಮ್ ಬಾಯ್‌ನ ಬೂದು ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ, ಬೆರಳು ಆನುವ ಕಡೆ ನುಣುಪಾಗುತ್ತದೆ. ಬೆನ್ನಿನ ಮೇಲೆ ಮಾದರಿ ಸಂಖ್ಯೆ, ತಯಾರಾದ ದೇಶ, ಸರಣಿ ಸಂಖ್ಯೆಯ ಚೀಟಿ ಇರುತ್ತವೆ. 1995ರ ಬಣ್ಣದ ಶೆಲ್‌ಗಳ ಸರಣಿಗೆ ತನ್ನದೇ ಇತಿಹಾಸವಿದೆ. ಗೇಮ್ ಬಾಯ್ ಮತ್ತು ಗೇಮ್ ಬಾಯ್ ಕಲರ್ ಒಟ್ಟು ಸೇರಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಗಿರುವುದರಿಂದ ಯಂತ್ರ ತಾನಾಗಿ ಅಪರೂಪದ್ದಲ್ಲ. ತನ್ನದೇ ಶೆಲ್, ತನ್ನದೇ ಚೀಟಿ, ತನ್ನದೇ ಬೋರ್ಡ್ ಒಟ್ಟಿಗೆ ಉಳಿದಿರುವ ಯಂತ್ರ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಯಾವ ಕಾರ್ಖಾನೆಯೂ ಎಂದೂ ಮಾಡಿರದ ನಿಯಾನ್ ಹಸಿರಿನ ಪಾರದರ್ಶಕ ಶೆಲ್ ಹಾಕಿದ ಗೇಮ್ ಬಾಯ್ ನೋಡಿದರೆ ಕೆಲವು ಹಿರಿಯ ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ನನಗೆ ಅದರಲ್ಲಿ ಆಕ್ಷೇಪಿಸಲು ಏನೂ ಕಾಣುವುದಿಲ್ಲ. ಅದು ತಾನು ಹೊಸದು ಎಂದು ಮೊದಲ ನೋಟದಲ್ಲೇ ಹೇಳುತ್ತದೆ. ಐವತ್ತು ವರ್ಷದ ನಂತರ ಅದನ್ನು ಕೈಗೆತ್ತಿಕೊಂಡವರೂ 1989ರ ವಸ್ತುವೆಂದು ತಿಳಿಯುವುದಿಲ್ಲ. ಅದಕ್ಕೆ ವಿರುದ್ಧವಾಗಿ, ಮೂಲದ ಬೂದು ಬಣ್ಣವನ್ನೇ ಹಿಡಿದು, ಲೆನ್ಸಿನ ಮೇಲಿನ ಎರಡು ಬಣ್ಣದ ಗೆರೆಗಳನ್ನು ಹಾಗೆಯೇ ಮುದ್ರಿಸಿ, ಕಂಪನಿಯ ಲಾಂಛನ, ಬೆನ್ನಿನ ಎಚ್ಚರಿಕೆಯ ಸಾಲುಗಳು, ಮಾದರಿ ಸಂಖ್ಯೆಯ ಚೀಟಿ ಎಲ್ಲವನ್ನೂ ನಕಲು ಮಾಡಿದ ಶೆಲ್ ಸಂಗ್ರಾಹಕರ ಮೆಚ್ಚುಗೆ ಪಡೆಯುತ್ತದೆ. ನಿಜವಾದ ಅಪಾಯ ಈ ಎರಡನೆಯದರಲ್ಲಿದೆ. ಮೊದಲ ಕೈ ಅದನ್ನು ಪ್ರಾಮಾಣಿಕವಾಗಿ, ‘ರೀಪ್ರೊ ಶೆಲ್’ ಎಂದು ಹೇಳಿಯೇ ಮಾರಬಹುದು. ಎರಡನೆಯ ಕೈ ಆ ಮಾತನ್ನು ಮರೆಯಬಹುದು. ಮೂರನೆಯ ಕೈಗೆ ಬರುವ ಹೊತ್ತಿಗೆ ಅದು ‘ಬಹಳ ಚೆನ್ನಾಗಿ ಇಟ್ಟುಕೊಂಡ ಅಸಲಿ ಯಂತ್ರ’ ಆಗಿರುತ್ತದೆ, ಆ ಸರಪಳಿಯಲ್ಲಿ ಯಾರೂ ಸುಳ್ಳು ಹೇಳಿರದೆ ಇರಬಹುದು.

ಎಜಿಎಸ್-101ರ ಚೀಟಿ ಇದಕ್ಕೆ ಸ್ಪಷ್ಟ ನಿದರ್ಶನ. ಆ ಮಾದರಿಗೆ ಬೆಲೆ ಹೆಚ್ಚು ಎಂಬ ಕಾರಣಕ್ಕೆ ಅದರ ಹೆಸರಿರುವ ಹೊಸ ಚೀಟಿಗಳು ಮಾರಾಟವಾಗುತ್ತವೆ, ಅವು 001 ಮಾದರಿಯ ಬೆನ್ನೇರುತ್ತವೆ. ಚೀಟಿಯನ್ನು ನಂಬದೆ ಪರದೆಯ ಕೆಳಗಿನ ಬೆಳಕಿನ ಬಟನ್ ಒತ್ತಿ ನೋಡಬೇಕು: 001ರಲ್ಲಿ ಬೆಳಕು ಪೂರ್ತಿ ಆರುತ್ತದೆ, 101ರಲ್ಲಿ ಎರಡು ಮಟ್ಟಗಳ ನಡುವೆ ಬದಲಾಗುತ್ತದೆ ಅಷ್ಟೆ. ಒಂದು ಚೌಕಾಕಾರದ ಕಾಗದದ ಚೂರಿಗೆ ಯಾವ ಉಪಯೋಗವೂ ಇಲ್ಲ. ಅದಿಲ್ಲದೆ ಯಂತ್ರ ನಡೆಯುತ್ತದೆ, ಆಟ ಓಡುತ್ತದೆ. ಬ್ಯಾಟರಿ ಮುಚ್ಚಳಕ್ಕೆ, ಕೆಪಾಸಿಟರ್‌ಗೆ ಇರುವ ಸಮರ್ಥನೆ ಇದಕ್ಕೆ ಇಲ್ಲ. ಹೊಸದಾಗಿ ಮುದ್ರಿಸಿದ ಚೀಟಿ ಮಾಡುವ ಏಕೈಕ ಕೆಲಸ ನಡೆಯದೇ ಇರುವ ಒಂದು ಸಂಗತಿಗೆ ಸಾಕ್ಷಿ ನುಡಿಯುವುದು.

ಬೆಂಗಳೂರಿನವರಿಗೆ ಇದನ್ನು ಅರ್ಥಮಾಡಿಸಲು ಎಚ್‌ಎಂಟಿ ಕೈಗಡಿಯಾರಗಳ ಮಾತು ಸಾಕು. ಇದೇ ನಗರದಲ್ಲಿ 1953ರಲ್ಲಿ ಹುಟ್ಟಿದ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ತಯಾರಿಕೆಗೆ ಇಳಿಯಿತು. 2016ರಲ್ಲಿ ಗಡಿಯಾರ ವಿಭಾಗ ಮುಚ್ಚುವ ತೀರ್ಮಾನವಾದ ಮೇಲೆ ಹಳೆಯ ಜನತಾ, ಪೈಲಟ್ ಮಾದರಿಗಳಿಗೆ ಸಂಗ್ರಾಹಕರು ಹೆಚ್ಚಿದರು. ಬೇಡಿಕೆಯ ಬೆನ್ನಿಗೇ ಹೊಸದಾಗಿ ಬಣ್ಣ ಬಳಿದು ಮುದ್ರಿಸಿದ ಡಯಲ್‌ಗಳು ಬಂದವು, ಹಳೆಯ ಯಂತ್ರದ ಮೇಲೆ ಕೂತವು. ಪಟ್ಟಿ ಬದಲಾಯಿಸಿದರೆ, ಗಾಜು ಬದಲಾಯಿಸಿದರೆ ಯಾರೂ ದೂರುವುದಿಲ್ಲ. ಆದರೆ ಕಾರ್ಖಾನೆ ಎಂದೂ ಮಾಡಿರದ ಬಣ್ಣದ ಡಯಲ್ ಮೇಲೆ ‘ಪೈಲಟ್’ ಎಂದು ಮುದ್ರಿಸಿದ ಕೂಡಲೇ ಇಲ್ಲದ ಒಂದು ಮಾದರಿ ಇತಿಹಾಸದೊಳಗೆ ಸೇರಿಕೊಳ್ಳುತ್ತದೆ. ಜಾಲಹಳ್ಳಿಯ ಕಡೆ ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವುದರಿಂದ ಸದ್ಯಕ್ಕೆ ಕೇಳಿ ತಿಳಿಯಬಹುದು. ಗೇಮ್ ಬಾಯ್ ವಿಷಯದಲ್ಲಿ ಇಲ್ಲಿ ನಮಗೆ ಆ ಅನುಕೂಲವೂ ಇಲ್ಲ, ವಸ್ತುವೇ ಮಾತಾಡಬೇಕು.

ವಸ್ತು ಮಾತಾಡುವುದು ಹೆಚ್ಚಾಗಿ ಬೋರ್ಡಿನ ಮೂಲಕ. ಮೊದಲ ಗೇಮ್ ಬಾಯ್‌ನ ಬೋರ್ಡಿಗೆ ಡಿಎಂಜಿ-ಸಿಪಿಯು-01ರಿಂದ 08ರವರೆಗೆ ಆವೃತ್ತಿ ಸಂಖ್ಯೆಗಳಿವೆ; ಚಿಪ್‌ಗಳ ಮೇಲೆ ತಯಾರಾದ ವರ್ಷ ಮತ್ತು ವಾರವನ್ನು ಸೂಚಿಸುವ ಅಂಕಿಗಳಿರುತ್ತವೆ. ಮೂರು ಮೂಲೆಯ ತುದಿಯ ಸ್ಕ್ರೂಡ್ರೈವರ್ ಹಿಡಿದು ಬೆನ್ನು ಬಿಚ್ಚಿ ಈ ಅಂಕಿಗಳನ್ನು ಓದಿದಾಗ ಹೊರಗಿನ ಶೆಲ್ ಮತ್ತು ಒಳಗಿನ ಬೋರ್ಡ್ ಒಂದೇ ಕಾಲದವೇ ಎಂದು ಅಂದಾಜಿಸಬಹುದು. ಇತ್ತೀಚೆಗೆ ಈ ಸಾಕ್ಷ್ಯವೂ ಸರಳವಾಗಿ ಉಳಿದಿಲ್ಲ. ಹೊಸದಾಗಿ ವಿನ್ಯಾಸ ಮಾಡಿದ ಖಾಲಿ ಬೋರ್ಡ್‌ಗಳು ಬಂದಿವೆ. ಹಳೆಯ ಯಂತ್ರದ ಪ್ರೊಸೆಸರ್ ಮತ್ತು ಮೆಮೊರಿ ಚಿಪ್‌ಗಳನ್ನು ಬಿಡಿಸಿ ಅವುಗಳ ಮೇಲೆ ಬೆಸೆಯುತ್ತಾರೆ. ತುಕ್ಕು ತಿಂದು ಸತ್ತ ಬೋರ್ಡಿನಿಂದ ಚಿಪ್ ಉಳಿಸಿದ್ದರೆ ಅದು ಒಳ್ಳೆಯ ಕೆಲಸ. ನಡೆಯುತ್ತಿರುವ ಬೋರ್ಡನ್ನು ಹೊಸ ವಿನ್ಯಾಸದ ಆಸೆಗೆ ಕಿತ್ತು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಕಾರ್ಟ್ರಿಜ್‌ಗಳ ಲೋಕ ಇನ್ನೊಂದು ಬರಹಕ್ಕೆ ಸಾಕಾಗುವಷ್ಟು ದೊಡ್ಡದು, ಆದರೂ ನನ್ನ ಮಾತಿಗೆ ಬೇಕಾದ ಒಂದು ಸಂಗತಿ ಅಲ್ಲಿದೆ. ಗೇಮ್ ಬಾಯ್ ಹೊತ್ತಿಕೊಂಡಾಗ ಮೇಲಿನಿಂದ ಇಳಿದು ಬರುವ ನಿಂಟೆಂಡೊ ಲಾಂಛನ ಯಂತ್ರದ ನೆನಪಿನಿಂದ ಬಂದದ್ದಲ್ಲ. ಅದನ್ನು ಕಾರ್ಟ್ರಿಜ್‌ನೊಳಗಿನ 48 ಬೈಟ್‌ಗಳಿಂದ ಓದಲಾಗುತ್ತದೆ. ಯಂತ್ರದೊಳಗಿನ 256 ಬೈಟ್‌ಗಳ ಆರಂಭಿಕ ಪ್ರೋಗ್ರಾಂ ಆ 48 ಬೈಟ್‌ಗಳನ್ನು ತನ್ನ ಬಳಿಯ ಪ್ರತಿಯ ಜೊತೆ ಹೋಲಿಸಿ ನೋಡುತ್ತದೆ, ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಅಸಲಿ ಯಾವುದು ಎಂದು ಯಂತ್ರ ತಾನೇ ಪರೀಕ್ಷಿಸುವ ಕ್ರಮ ಇದು. ಆದರೆ ಪರೀಕ್ಷೆ ಇರುವುದು ಗುರುತಿಗೆ ಮಾತ್ರ. ಆ ಗುರುತನ್ನು ನಕಲು ಮಾಡಿದ ಯಾವ ಕಾರ್ಟ್ರಿಜ್ ಆದರೂ ದಾಟಿಹೋಗುತ್ತದೆ, ದಾಟಿಯೂ ಹೋಗಿದೆ. ಮೂವತ್ತು ವರ್ಷಗಳಿಂದ ಲಾಂಛನ ನೋಡಿ ವಸ್ತುವನ್ನು ಒಪ್ಪಿಕೊಳ್ಳುವ ಸಂಗ್ರಾಹಕರು ಅದೇ ಪರೀಕ್ಷೆಯನ್ನು ನಡೆಸುತ್ತಿದ್ದಾರೆ.

ನಕಲಿ ಕಾರ್ಟ್ರಿಜ್ ಗುರುತಿಸಲು ಲಾಂಛನಕ್ಕಿಂತ ಆಳದ ಕುರುಹುಗಳು ಬೇಕು. ಅಡ್ವಾನ್ಸ್‌ನ ಅಸಲಿ ಕಾರ್ಟ್ರಿಜ್‌ಗಳ ಲೇಬಲ್ ಮೇಲೆ ಒತ್ತಿ ಮೂಡಿಸಿದ ಎರಡಂಕಿಯ ಸಣ್ಣ ಸಂಖ್ಯೆ ಓರೆ ಬೆಳಕಿನಲ್ಲಿ ಕಾಣುತ್ತದೆ. ಪೋಕೆಮಾನ್ ಸರಣಿಯ ರೂಬಿ, ಸಫೈರ್, ಎಮರಾಲ್ಡ್ ಆಟಗಳಲ್ಲಿ ಬ್ಯಾಟರಿ ಇರುವುದು ಗಡಿಯಾರಕ್ಕೆ, ಆಟದ ಪ್ರಗತಿ ಉಳಿಯುವುದು ವಿದ್ಯುತ್ ಇಲ್ಲದೆಯೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ. ಬ್ಯಾಟರಿ ಸತ್ತ ಕೂಡಲೇ ಪ್ರಗತಿಯೂ ಅಳಿಸಿಹೋದರೆ ಅನುಮಾನ ಪಡಬೇಕು. ಅದಕ್ಕಿಂತ ಹಳೆಯ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಮಾತ್ರ ಸಿಆರ್2025 ಬ್ಯಾಟರಿಯೇ ಎರಡನ್ನೂ ಹಿಡಿದಿಟ್ಟಿರುತ್ತದೆ. ಅಂಥ ಕಾರ್ಟ್ರಿಜ್‌ಗೆ ಹೊಸ ಬ್ಯಾಟರಿ ಹಾಕುವುದು ಅನಿವಾರ್ಯ, ಆದರೆ ಹಳೆಯದನ್ನು ತೆಗೆದ ಗಳಿಗೆಯಲ್ಲೇ ಅದರೊಳಗೆ ಯಾವುದೋ ಮಗು ಹೆಸರಿಟ್ಟು ಬೆಳೆಸಿದ್ದ ಪೋಕೆಮಾನ್‌ಗಳು ಅಳಿಸಿಹೋಗುತ್ತವೆ. ಮೊದಲು ಕಾರ್ಟ್ರಿಜ್ ರೀಡರ್ ಮೂಲಕ ಆ ದತ್ತಾಂಶವನ್ನು ನಕಲಿಸಿಕೊಂಡು ನಂತರ ಬೆಸುಗೆ ಕಡ್ಡಿ ಹಿಡಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಆ ಹೆಸರುಗಳು ಯಾರ ಮನೆಯಲ್ಲೂ ಮತ್ತೆ ಸಿಗುವುದಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನ ದುರಸ್ತಿ ಅಂಗಡಿಯೊಂದಕ್ಕೆ ನಾನು ಆಗಾಗ ಹೋಗುತ್ತೇನೆ. ಮೊಬೈಲ್ ಬೋರ್ಡ್‌ಗಳಲ್ಲಿ ಪಳಗಿದ ಅಲ್ಲಿನ ಮೆಕ್ಯಾನಿಕ್ ಕೈಯಲ್ಲಿ ಈ ಹಳೆಯ ಬೆಸುಗೆಗಳು ತೀರ ಸಲೀಸು. ಕೆಲಸ ಮುಗಿದ ಮೇಲೆ ಅವರು ಅಭ್ಯಾಸದಂತೆ, “ಹಳೇದು ಇಲ್ಲೇ ಬಿಟ್ ಹೋಗ್ತೀರಾ ಸಾರ್?” ಎಂದು ಕೇಳುತ್ತಾರೆ. ಮೊಬೈಲ್ ಪರದೆ ಬದಲಾಯಿಸಿದವರಲ್ಲಿ ಒಡೆದ ಪರದೆಯನ್ನು ಮನೆಗೆ ಒಯ್ಯುವವರು ಯಾರೂ ಇಲ್ಲದ್ದರಿಂದ ಆ ಪ್ರಶ್ನೆ ಸಹಜ. “ಬೇಡಣ್ಣ, ಸ್ಕ್ರೂ ಸಮೇತ ಕೊಟ್ಬಿಡಿ” ಎಂದರೆ ಈಗ ಅವರೇ ಒಂದು ಜಿಪ್ ಕವರ್ ಹುಡುಕಿ ಕೊಡುತ್ತಾರೆ. ಸೋರಿದ ಕೆಪಾಸಿಟರ್ ಒಂದನ್ನು ಬಿಟ್ಟು, ಸೀಳಿದ ಲೆನ್ಸ್, ಗೆರೆ ಬಿದ್ದ ಪರದೆ, ಹಳದಿಯಾದ ಶೆಲ್ ಯಾವುದನ್ನೂ ನಾನು ಎಸೆಯುವುದಿಲ್ಲ. ಯಾವ ಬೋರ್ಡಿನಿಂದ ಯಾವ ಶೆಲ್ ಬಂತು, ಯಾವ ತಿಂಗಳು ಯಾವುದನ್ನು ಬದಲಾಯಿಸಲಾಯಿತು ಎಂದು ಬರೆದ ಚೀಟಿಯೂ ಆ ಕವರಿನಲ್ಲಿ ಇರುತ್ತದೆ. ಅದಲ್ಲದೆ ಮರುತಯಾರಿ ಶೆಲ್‌ನ ಒಳಮೈಯಲ್ಲಿ, ಬೋರ್ಡ್ ತೆಗೆದವರಿಗೆ ಮಾತ್ರ ಕಾಣುವಂತೆ, ವರ್ಷವನ್ನು ಅಳಿಸದ ಶಾಯಿಯಲ್ಲಿ ಬರೆಯುತ್ತೇನೆ. ತಯಾರಕರೇ ಈ ಕೆಲಸವನ್ನು ಅಚ್ಚಿನಲ್ಲೇ ಮಾಡಿದರೆ, ಅಂದರೆ ಪ್ರತಿ ಶೆಲ್‌ನ ಒಳಗೆ ತಮ್ಮ ಹೆಸರು ಮತ್ತು ವರ್ಷವನ್ನು ಮೂಡಿಸಿದರೆ, ಮೂಲದ ಬಣ್ಣವನ್ನು ಎಷ್ಟು ನಿಖರವಾಗಿ ಹಿಡಿದರೂ ನನಗೆ ತಕರಾರಿಲ್ಲ. ಅದಕ್ಕೆ ಹೆಚ್ಚಿನ ಖರ್ಚೇನೂ ತಗಲುವುದಿಲ್ಲ.

ಕವರಿನಲ್ಲಿ ಬಿದ್ದಿರುವ ಮೂಲ ಶೆಲ್ಲಿಗೂ ಕಪಾಟಿನಲ್ಲಿ ಹೊಳೆಯುವ ಹೊಸ ಶೆಲ್ಲಿಗೂ ನಡುವೆ ಯಾವುದು ನಿಜವಾದ ಗೇಮ್ ಬಾಯ್ ಎಂದು ಗೆಳೆಯರೊಬ್ಬರು ಒಮ್ಮೆ ನನ್ನನ್ನು ಬಿಡದೆ ಕೇಳಿದರು. ಎರಡೂ ಸೇರಿ ಎಂದು ಹೇಳಿದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಪ್ರದರ್ಶನಕ್ಕಿಟ್ಟ ವಸ್ತು ತನ್ನಷ್ಟಕ್ಕೆ ಪೂರ್ಣವಾಗಿರಬೇಕು ಎಂಬುದು ಅವರ ನಿಲುವು. ಅವರ ಸಂಗ್ರಹದಲ್ಲಿ ಒಂದೇ ಒಂದು ಮರುತಯಾರಿ ಭಾಗವೂ ಇಲ್ಲ, ಅದಕ್ಕಾಗಿ ಅವರು ಪಟ್ಟ ಶ್ರಮ ನನಗೆ ಗೊತ್ತು, ಆ ಶ್ರಮದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಅವರ ಕಪಾಟಿನ ಯಂತ್ರಗಳಲ್ಲಿ ಕೆಲವು ಬಹಳ ಕಾಲದಿಂದ ಹೊತ್ತಿಕೊಂಡಿಲ್ಲ. ಆಡಲೆಂದು ಮಾಡಿದ ವಸ್ತು ಆಡಲು ಬರದೆ ಇರುವುದೂ ಅಸಲಿತನದಲ್ಲಿ ಒಂದು ಕೊರತೆಯೇ ಎಂಬ ನನ್ನ ಮಾತನ್ನು ಅವರು ಒಪ್ಪಿಲ್ಲ, ನಾನು ಹಿಂತೆಗೆದುಕೊಂಡೂ ಇಲ್ಲ.

ಹಳೆಯ ಭಾಗವೇ ಇಲ್ಲದೆ ಈ ಅನುಭವವನ್ನು ಕೊಡುವ ಯಂತ್ರಗಳೂ ಈಗ ಬಂದಿವೆ. 2021ರ ಕೊನೆಯಲ್ಲಿ ಬಂದ ಅನಲಾಗ್ ಪಾಕೆಟ್ ಹಳೆಯ ಕಾರ್ಟ್ರಿಜ್‌ಗಳನ್ನು ಓಡಿಸುತ್ತದೆ. ಅದರ ಪರದೆ 1600 ಅಡ್ಡ, 1440 ಉದ್ದ ಚುಕ್ಕಿಗಳದ್ದು, ಅಂದರೆ ಮೂಲದ ಒಂದೊಂದು ಚುಕ್ಕಿಗೆ ಅಡ್ಡಡ್ಡ, ಉದ್ದುದ್ದ ಹತ್ತು ಚುಕ್ಕಿಗಳು. ಹಾಗಾಗಿ ಹಳೆಯ ಎಲ್‌ಸಿಡಿಯ ಚುಕ್ಕಿಗಳ ನಡುವಿನ ಸಂದನ್ನು, ಅದರ ಹಸಿರು ಛಾಯೆಯನ್ನು ಅದು ಅನುಕರಿಸಿ ತೋರಿಸಬಲ್ಲದು. ಇದು ತನ್ನ ಹೆಸರಿನಲ್ಲೇ ನಿಂತಿರುವ ಹೊಸ ವಸ್ತು. ಇಂಥ ಯಂತ್ರಗಳು ಇರುವುದರಿಂದ ಹಳೆಯ ಗೇಮ್ ಬಾಯ್‌ಗಳನ್ನು ಬಿಚ್ಚಿ ಸುಧಾರಿಸುವ ಒತ್ತಡ ಸ್ವಲ್ಪವಾದರೂ ಕಡಿಮೆಯಾಗಬೇಕು. ಚೆನ್ನಾಗಿ ಕಾಣುವ ಪರದೆ ಮಾತ್ರ ಬೇಕಿದ್ದವರು ಸುಸ್ಥಿತಿಯಲ್ಲಿರುವ 1989ರ ಯಂತ್ರವನ್ನು ಮುಟ್ಟಬೇಕಾಗಿಲ್ಲ.

ಈ ನಡುವೆ ಮರುತಯಾರಿ ಭಾಗಗಳಿಗೂ ವಯಸ್ಸಾಗತೊಡಗಿದೆ. 2002ರಲ್ಲಿ ಟ್ರೈಟನ್ ಲ್ಯಾಬ್ಸ್ ಎಂಬ ಸಂಸ್ಥೆ ‘ಆಫ್ಟರ್‌ಬರ್ನರ್’ ಎಂಬ ಹೆಸರಿನಲ್ಲಿ ಅಡ್ವಾನ್ಸ್‌ನ ಕತ್ತಲ ಪರದೆಗೆ ಮುಂದಿನಿಂದ ಬೆಳಕು ಬೀಳಿಸುವ ಕಿಟ್ ಮಾರಿತ್ತು. ಎಸ್‌ಪಿ ಬರುವ ಮುನ್ನಿನ ತಿಂಗಳುಗಳಲ್ಲಿ ಆಟಗಾರರು ತಾವೇ ಶೆಲ್ ಬಿಚ್ಚಿ ಬೆಸೆದು ಹಾಕಿಕೊಂಡ ಆ ಕಿಟ್ ಇರುವ ಯಂತ್ರಗಳನ್ನು ಈಗ ಹುಡುಕಿ ಕೊಳ್ಳುವವರಿದ್ದಾರೆ. ಅಂದು ಅಸಲಿತನವನ್ನು ಕೆಡಿಸಿದಂತೆ ಕಂಡ ಕೆಲಸ ಇಂದು ಆ ಕಾಲದ ಆಟಗಾರರ ಅಸಮಾಧಾನಕ್ಕೆ ನೇರ ಪುರಾವೆ. ಐಪಿಎಸ್ ಕಿಟ್‌ಗಳಲ್ಲೂ ಮೊದಲ ಆವೃತ್ತಿಗಳ ಜಾಗವನ್ನು ಹೊಸವು ಹಿಡಿದಿವೆ, ಒಂದರ ಕೇಬಲ್ ಇನ್ನೊಂದಕ್ಕೆ ಹೊಂದುವುದಿಲ್ಲ. ಅಡ್ವಾನ್ಸ್ ಬೋರ್ಡ್‌ಗಳಲ್ಲೇ 40 ಪಿನ್ನಿನವು, 32 ಪಿನ್ನಿನವು ಎಂಬ ಎರಡು ಬಗೆ ಇರುವುದರಿಂದ ಕೆಟ್ಟ ಕಿಟ್ ಬದಲಾಯಿಸುವವರಿಗೆ ಈ ವಿವರಗಳೆಲ್ಲ ಬೇಕಾಗುತ್ತವೆ. ನನ್ನ ಜಿಪ್ ಕವರಿನ ಚೀಟಿಗಳಲ್ಲಿ ಈಗ ಕಿಟ್‌ನ ಆವೃತ್ತಿ ಮತ್ತು ಬೋರ್ಡಿನ ಪಿನ್ನುಗಳ ಸಂಖ್ಯೆಯನ್ನೂ ಬರೆಯುತ್ತಿದ್ದೇನೆ.